ಜಿಪ್ಪಮ್ಮನ ಹಿತ್ತಲಿನ ಇಲಿ

ಬೀದಿಯಲ್ಲಿ ಇನ್ನು ಇಲಿಗಳೇ ಇಲ್ಲ ಎಂಬ ಸುದ್ದಿ ಕೇಳಿ ಯಾರಾದರೂ ಕಣ್ಣೀರು ಹಾಕಿದ್ದುಂಟೇ? ಜಿಪ್ಪಮ್ಮ ಹಾಕಿದಳು. ಉಳಿದವರೆಲ್ಲ ಕಂಬಕ್ಕೆ ಅಂಟಿಸಿದ್ದ ನಗರಸಭೆಯ ನೋಟೀಸು ಓದಿ ಒಬ್ಬರ ಕೈ ಒಬ್ಬರು ಕುಲುಕಿದರು. ಎದುರಿನ ಬೇಕರಿಯವನಂತೂ ಆ ದಿನ ಬಂದ ಗಿರಾಕಿಗಳಿಗೆಲ್ಲ ಒಂದೊಂದು ಬನ್ನು ಪುಕ್ಕಟೆ ಕೊಟ್ಟ. ಆ ಮನುಷ್ಯ ಪುಕ್ಕಟೆ ಕೊಟ್ಟ ಎನ್ನುವುದು ಇಲಿ ಹೋದದ್ದಕ್ಕಿಂತ ದೊಡ್ಡ ಸುದ್ದಿ, ಇರಲಿ. ಜಿಪ್ಪಮ್ಮ ಮಾತ್ರ ನೋಟೀಸು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ, ಕೈಗೆ ಕೊಟ್ಟ ಬನ್ನನ್ನೂ ಮರೆತು ಸರಸರನೆ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತು ಮೂಗು ಸೀಟಿಕೊಂಡಳು.

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಮನೆಯ ಮುಂದಿನ ಕೋಣೆಯಲ್ಲೇ ಕೂತು ವರ್ಷಗಟ್ಟಲೆ ಊರವರ ಚೀಲ, ಕೋಟು, ಪ್ಯಾಂಟುಗಳ ಕೆಟ್ಟ ಜಿಪ್ಪುಗಳನ್ನು ಸರಿಮಾಡಿದ ಹೆಂಗಸಿಗೆ ಜನ ಬೇರೆ ಏನು ಹೆಸರಿಟ್ಟಾರು? ಎಂಥ ಹಟಮಾರಿ ಜಿಪ್ಪಾದರೂ ಅವಳ ಬೆರಳಿಗೆ ಸಿಕ್ಕಿದರೆ ಬಾಯಿ ಮುಚ್ಚುತ್ತಿತ್ತು. ಅವಳ ಬಾಯಿ ಮುಚ್ಚಿಸುವುದಕ್ಕೆ ಮಾತ್ರ ಯಾವ ಕಂಪನಿಯೂ ಜಿಪ್ಪು ತಯಾರಿಸಿರಲಿಲ್ಲ ಎಂದು ಬೇಕರಿಯವನು ಹೇಳುತ್ತಿದ್ದ. ಅಂಥ ಬಾಯಿ ಅವತ್ತು ಇಡೀ ಮಧ್ಯಾಹ್ನ ಗಪ್‌ಚಿಪ್.

ನೋಟೀಸಿನಲ್ಲಿ ಇದ್ದುದು ಇಷ್ಟೇ: ಈ ವಾರ್ಡಿನಲ್ಲಿ ಹಡಗಿನಿಲಿಯ ಗುರುತು ಎಲ್ಲಿಯೂ ಸಿಕ್ಕಿಲ್ಲ, ತಿಂಗಳ ಕೊನೆಗೆ ಇಲಿ ಪತ್ತೆಗೆಂದು ಹಿತ್ತಲುಗಳಲ್ಲಿ ಇಟ್ಟ ಸುರಂಗದ ಡಬ್ಬಿಗಳನ್ನೆಲ್ಲ ಎತ್ತಲಾಗುವುದು, ಸಹಕರಿಸಿದವರಿಗೆ ಧನ್ಯವಾದ. ಧನ್ಯವಾದವಂತೆ ಧನ್ಯವಾದ! ಸುರಂಗ ಎತ್ತಿದರೆ ಸೊಸೆ ಬರುವುದು ನಿಲ್ಲುತ್ತದೆ. ಜಿಪ್ಪಮ್ಮನ ಸಂಕಟ ಅದು.

ಸೊಸೆ ಎಂದರೆ, ಕಾಗದದ ಪ್ರಕಾರ ಈಗ ಸೊಸೆಯಲ್ಲ. ಜಿಪ್ಪಮ್ಮನ ಒಬ್ಬನೇ ಮಗ, ಹಲ್ಲಿನ ಡಾಕ್ಟರರಿಗೆ ಕಟ್ಟಿಸುವ ಹಲ್ಲು ಮಾಡಿಕೊಡುವವನು, ಅವಳನ್ನು ಮೆಚ್ಚಿ ಮದುವೆಯಾದ. ಒಂದಷ್ಟು ವರ್ಷ ಇದೇ ಮನೆಯಲ್ಲಿ ಇದ್ದರು. ಆಮೇಲೆ ಇಬ್ಬರೂ ಕೋರ್ಟಿಗೆ ಹೋಗಿ ಬೇರೆಯಾದರು. ಜಗಳವಾಡಿ ಬಿಟ್ಟವರಲ್ಲ, ಜಗಳವಾಡುವುದಕ್ಕೂ ಬೇಸರವಾಗಿ ಬಿಟ್ಟವರು. ಅವಳೂ ಒಳ್ಳೆಯವಳು, ಇವನೂ ಒಳ್ಳೆಯವನು, ಒಂದೇ ಸೂರಿನಡಿ ಮಾತ್ರ ಇಬ್ಬರ ಒಳ್ಳೆಯತನವೂ ಹಳಸಿಹೋಯಿತು. ಮಗ ಕೆಲಸದ ಜಾಗದ ಹತ್ತಿರ ಕೋಣೆ ಹಿಡಿದ. ಅವಳು ಊರಿನ ಆಚೆ ತುದಿಗೆ ಹೋದಳು. ಅತ್ತೆ ಸೊಸೆಯರು ಕೂಡಿ ಕಲೆಹಾಕಿದ್ದ ಆ ಮನೆಯ ಗಲಗಲ ಎಲ್ಲಿಗೆ ಹೋಯಿತೋ, ಅದನ್ನು ಯಾವ ಕೋರ್ಟೂ ವಿಚಾರಿಸಲಿಲ್ಲ.

ಯಾರಾದರೂ "ನಿಮ್ಮ ಮಾಜಿ ಸೊಸೆ" ಎಂದರೆ ಜಿಪ್ಪಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ಮಾಜಿ ಮಂತ್ರಿ ಇರ್ತಾರೆ, ಮಾಜಿ ಮೇಯರ್ ಇರ್ತಾರೆ. ಮಾಜಿ ಸೊಸೆ ಅಂತ ಎಲ್ಲಾದ್ರೂ ಕೇಳಿದ್ದೀರೇನ್ರಿ? ಅವಳೇನು ಚುನಾವಣೇಲಿ ಸೋತಳಾ?" ಆದ್ದರಿಂದ ನಾವೂ ಅವಳನ್ನು ಸೊಸೆ ಎಂದೇ ಕರೆಯೋಣ. ತಕರಾರಿದ್ದವರು ಜಿಪ್ಪಮ್ಮನ ಹತ್ತಿರ ಹೋಗಿ ಮಾತಾಡಿಕೊಳ್ಳಲಿ.

ಸೊಸೆಗೆ ನಗರಸಭೆಯಲ್ಲಿ ಕೆಲಸ. ಹೊರಗಿನಿಂದ ಬಂದು ಊರು ಹಾಳುಮಾಡಿದ ಪ್ರಾಣಿಗಳನ್ನು ಹಿಡಿಯುವ, ಅವು ಮತ್ತೆ ಬಂದಿವೆಯೇ ಎಂದು ಕಾವಲು ಕಾಯುವ ವಿಭಾಗ. ಆ ಊರಿನಲ್ಲಿ ಮೊದಲು ಇಂಥ ಇಲಿಗಳು ಇರಲಿಲ್ಲವಂತೆ. ಯಾವುದೋ ಕಾಲದಲ್ಲಿ ಹಡಗಿನ ಹಗ್ಗ ಹಿಡಿದು ಇಳಿದವು, ಮರ ಹತ್ತಿದವು, ಗೂಡಿನಲ್ಲಿದ್ದ ಮೊಟ್ಟೆಗಳನ್ನೆಲ್ಲ ನುಂಗಿ ನೀರು ಕುಡಿದವು. ಇಲಿ ಹಿಡಿಯಲಿ ಎಂದು ಯಾವನೋ ಬುದ್ಧಿವಂತ ಮುಂಗುಸಿಗಳನ್ನು ತರಿಸಿದ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಇಬ್ಬರಿಗೂ ಒಮ್ಮೆಯೂ ಭೇಟಿಯಾಗಲಿಲ್ಲ. ಮೊಟ್ಟೆ ಇಲಿಗೆ, ಮರಿ ಮುಂಗುಸಿಗೆ ಎಂದು ಪಾಲಾಗಿ, ಊರಿನದೇ ಆದ ಒಂದು ಪುಟ್ಟ ಹಸಿರು ಹಕ್ಕಿ ಮಂಗಮಾಯವಾಯಿತು. ಈಗ ದೂರದ ಯಾವುದೋ ಕಾಡಿನಿಂದ ಆ ಹಕ್ಕಿಗಳನ್ನು ತಂದು ದೊಡ್ಡ ಪಾರ್ಕಿನ ಪಂಜರದಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ಪಾರ್ಕಿನ ಸುತ್ತಲಿನ ವಾರ್ಡುಗಳು ಪೂರ್ತಿ ಚೊಕ್ಕಟವಾದ ಮೇಲೆ ಬಿಡುವುದೆಂದು ಮಾತಾಗಿತ್ತು.

ಮುಂಗುಸಿಗಳನ್ನು ಹಿಡಿದು ಮುಗಿಸುವುದಕ್ಕೆ ಬಹಳ ದಿನ ಹಿಡಿಯಲಿಲ್ಲ. ಇಲಿಗಳಿಗೆ ಮೊದಲು ಬೋನು ಇಟ್ಟರು. ಬೇಲಿ ಬುಡದಲ್ಲಿ ಸ್ಪ್ರಿಂಗು ಬಿಗಿದ ಮರದ ಪೆಟ್ಟಿಗೆಗಳು, ಬೀದಿಗೆ ಇಷ್ಟು ಎಂದು. ಜಿಪ್ಪಮ್ಮ ಆಗ ಮುಂದೆ ನಿಂತು ಇಕ್ಕಳದಲ್ಲಿ ಸತ್ತ ಇಲಿ ಎತ್ತಿ ಹಾಕಿದವಳು. ಇಲಿಯ ಮೇಲೆ ಅವಳಿಗೆ ಎಳ್ಳಷ್ಟೂ ಕನಿಕರ ಇರಲಿಲ್ಲ, ಒಮ್ಮೆ ಗಿರಾಕಿಯ ಚರ್ಮದ ಚೀಲವನ್ನೇ ತಿಂದುಹಾಕಿದ್ದವು. ಬೋನಿಗೆ ಬೀಳುವುದು ನಿಂತ ಮೇಲೆ ಸುರಂಗ ಬಂತು. ಮೊಳಕೈ ಉದ್ದದ, ಎರಡು ಕಡೆಯೂ ತೆರೆದ, ಮಡಚಬಹುದಾದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಿಳಿ ಕಾರ್ಡು, ನಡುವೆ ಮಸಿ ಹಚ್ಚಿದ ಪಟ್ಟಿ, ಆ ಪಟ್ಟಿಯ ಮೇಲೆ ಬೆರಳ ತುದಿಯಷ್ಟು ಕಡಲೆಬೀಜದ ಬೆಣ್ಣೆ. ವಾಸನೆ ಹಿಡಿದು ಬಂದ ಪ್ರಾಣಿ ಮಸಿ ತುಳಿದು ಕಾರ್ಡಿನ ಮೇಲೆ ಹೆಜ್ಜೆ ಒತ್ತಿ ಹೋಗುತ್ತದೆ. ಕೊಲ್ಲುವುದಿಲ್ಲ, ಕೂಡಿಹಾಕುವುದಿಲ್ಲ, ಬಂದಿತ್ತೋ ಇಲ್ಲವೋ ಎಂದು ಹೇಳುತ್ತದೆ, ಅಷ್ಟೇ.

ಬೇರೆಯಾದ ಮೇಲೆ ಸೊಸೆ ತಿಂಗಳುಗಟ್ಟಲೆ ಇತ್ತ ಸುಳಿದಿರಲಿಲ್ಲ. ಜಿಪ್ಪಮ್ಮನೂ ಫೋನು ಎತ್ತಿ ಎತ್ತಿ ಇಟ್ಟಿದ್ದಳು. ಕರೆದರೆ ಆ ಹುಡುಗಿಗೆ ಮುಜುಗರ, ಮಗನಿಗೆ ನೋವು ಎಂದು ತನಗೆ ತಾನೇ ಹೇಳಿಕೊಂಡು ಒಣಗಿಹೋಗಿದ್ದಳು. ಹಾಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಖಾಕಿ ಬಣ್ಣದ ಕೋಟು, ಹೆಗಲಿಗೆ ಚೀಲ, ಕಂಕುಳಲ್ಲಿ ಒಂದು ಡಬ್ಬಿ ಸಮೇತ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ಆಫೀಸಿಂದ ಬಂದಿದ್ದೀನಿ. ಹಿತ್ತಲಲ್ಲಿ ಒಂದು ಸುರಂಗ ಇಡಬೇಕು. ವಾರಕ್ಕೊಂದು ಸಲ ನೋಡಬೇಕಾಗುತ್ತೆ. ನಿಮಗೇನೂ ತೊಂದರೆ ಇಲ್ಲ ತಾನೆ?"

"ತೊಂದರೆ ಏನು ಬಂತು? ಸರ್ಕಾರಿ ಕೆಲಸ ಅಂದ್ಮೇಲೆ ಮಾಡಲೇಬೇಕಲ್ಲ," ಎಂದಳು ಜಿಪ್ಪಮ್ಮ, ಕೈಯಲ್ಲಿದ್ದ ಕತ್ತರಿ ಎಲ್ಲಿ ಇಡಬೇಕೆಂದು ತಿಳಿಯದೆ.

ಅಲ್ಲಿಂದ ಶುರು. ಶುಕ್ರವಾರ ಬಂದರೆ ಬೆಳಿಗ್ಗೆ ಹತ್ತಕ್ಕೆ ಸೊಸೆ ಹಾಜರು. ಕಾರ್ಡು ನೋಡುವುದು ಎರಡು ನಿಮಿಷದ ಕೆಲಸ. ಆಮೇಲೆ ಚಹಾ. ಆಮೇಲೆ ಇನ್ನೊಂದು ಚಹಾ. ಸೊಸೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕಾಲು ಮಡಚಿ ಕೂತು ಹಲ್ಲು ಕಿತ್ತ ಜಿಪ್ಪುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿಕೊಡುತ್ತಿದ್ದಳು. ಪ್ರಪಂಚದ ಎಲ್ಲರ ಸುದ್ದಿಯೂ ಬರುತ್ತಿತ್ತು, ಮಗನ ಸುದ್ದಿ ಒಂದನ್ನು ಬಿಟ್ಟು. ಊಟದ ಹೊತ್ತಾದರೆ ಊಟ. ನಕ್ಕು ನಕ್ಕು ಜಿಪ್ಪಮ್ಮನ ಕನ್ನಡಕ ಮಂಜಾಗುತ್ತಿತ್ತು. ಅವಳ ವಾರ ಶುಕ್ರವಾರಕ್ಕೆ ಶುರುವಾಗಿ ಶುಕ್ರವಾರಕ್ಕೇ ಮುಗಿಯುತ್ತಿತ್ತು. ನಡುವಿನ ದಿನಗಳಲ್ಲಿ ಜಿಪ್ಪು ಹಾಕುತ್ತಿದ್ದಳು.

"ನಮ್ಮ ಅಂಗಡಿ ಹಿಂದೇನೂ ಸುರಂಗ ಇದೆಯಮ್ಮ. ಅದನ್ನ ನೋಡೋಕೆ ತಿಂಗಳಿಗೊಂದು ಸಲ ಬಂದ್ರೆ ಹೆಚ್ಚು. ನಿಮ್ಮಲ್ಲಿಗೆ ಮಾತ್ರ ಏನು ವಾರವಾರ?" ಎಂದು ಬೇಕರಿಯವನು ಒಮ್ಮೆ ಹೊಟ್ಟೆಕಿಚ್ಚಿನಿಂದ ಕೇಳಿದ್ದ.

"ನಮ್ಮ ಹಿತ್ತಲು ಬಹಳ ಮುಖ್ಯವಾದ ಜಾಗ. ನಿನ್ನ ಬ್ರೆಡ್ಡನ್ನ ಇಲೀನೂ ಮೂಸಲ್ಲ ಬಿಡು," ಎಂದು ಅವನ ಬಾಯಿ ಮುಚ್ಚಿಸಿದ್ದಳು.

ನೋಟೀಸು ಬಂದ ವಾರ ಸೊಸೆ ಬಂದಾಗ ಜಿಪ್ಪಮ್ಮ ತಡೆಯಲಾರದೆ ಕೇಳಿದಳು, "ಹೌದೇನೆ? ಎಲ್ಲಾ ಎತ್ತಿಬಿಡ್ತೀರಾ?"

ಸೊಸೆ ತಲೆ ಎತ್ತಲಿಲ್ಲ. "ಹೌದು ಅತ್ತೆ. ಬರೋ ಶುಕ್ರವಾರ ಕೊನೆ."

"ಒಂದೇ ಒಂದು ಇಲಿ ಬಂದು ಹೋದ್ರೂ?"

"ಒಂದು ಗುರುತು ಸಿಕ್ಕಿದ್ರೆ ಮುಂದುವರಿಸ್ತಾರೆ. ಆದ್ರೆ ಎಲ್ಲಿಂದ ಬರುತ್ತೆ? ಎಲ್ಲಾ ಕ್ಲೀನ್ ಆಗಿದೆ." ಅವಳು ಕಪ್ಪು ಜಿಪ್ಪುಗಳ ರಾಶಿಗೆ ನೀಲಿ ಜಿಪ್ಪೊಂದನ್ನು ಹಾಕಿದಳು. ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಒಂದು ಗುರುತು. ಜಿಪ್ಪಮ್ಮನ ತಲೆಗೆ ಹುಳ ಹೊಕ್ಕಿತು.

ಮರುದಿನವೇ ಅವಳು ಇಲಿಗಳಿಗೆ ಔತಣ ಏರ್ಪಡಿಸಿದಳು. ಬೇಲಿ ಬುಡದಲ್ಲಿ ಹುರಿದ ಕಡಲೆಬೀಜ, ಗೋಡೆಯ ಮೂಲೆಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಚರಂಡಿಯ ಪಕ್ಕ ಬೇಯಿಸಿದ ಮೊಟ್ಟೆ. ಒಂದು ಕಾಲದಲ್ಲಿ ಇಕ್ಕಳ ಹಿಡಿದು ನಿಂತಿದ್ದ ಅದೇ ಹೆಂಗಸು ಈಗ ಕಿಟಕಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಮೊಟ್ಟೆಯನ್ನು ಮೂರನೇ ಮನೆಯ ಬೆಕ್ಕು ತಿಂದಿತು. ಬ್ರೆಡ್ಡಿಗೆ ಇರುವೆ ಹತ್ತಿತು. ಕಡಲೆಬೀಜವನ್ನು ಕಾಗೆ ಕೊಂಡೊಯ್ದು ಬೇಕರಿಯವನ ತಗಡಿನ ಮೇಲೆ ಕುಟ್ಟಿ ಕುಟ್ಟಿ ತಿಂದು ಅವನ ಮಧ್ಯಾಹ್ನದ ನಿದ್ದೆ ಕೆಡಿಸಿತು. ಇಲಿ? ಅದರ ಬಾಲವೂ ಇಲ್ಲ. "ಥತ್, ಬೇಡ ಅಂದಾಗ ದಂಡು ಕಟ್ಕೊಂಡು ಬರ್ತಿದ್ವು. ಬಾ ಅಂದ್ರೆ ಒಂದಕ್ಕೂ ಬಿಡುವಿಲ್ಲ," ಎಂದು ಬೇಲಿಗೆ ಬೈದಳು.

ಭಾನುವಾರ ಮಗ ಬಂದ. ಹಿತ್ತಲಿಗೆ ಹೋದವನು ತಲೆ ಕೆರೆದುಕೊಂಡು ಒಳಬಂದ.

"ಅಮ್ಮಾ, ಅಲ್ಲಿ ಕಡಲೆಬೀಜ ಯಾಕೆ ಚೆಲ್ಲಿದೆ?"

"ಹಕ್ಕಿಗೆ."

"ಹಕ್ಕಿಗೆ ಬೇಯಿಸಿದ ಮೊಟ್ಟೆನಾ?"

"ನೀನು ಹಲ್ಲಿನ ಕೆಲಸ ನೋಡ್ಕೊ. ಹಕ್ಕಿಗೆ ಹಲ್ಲಿರಲ್ಲ."

ಅವನು ಫೋನು ನೋಡುತ್ತಾ ಕೂತ. ಫೋನಿನಿಂದ ತಲೆ ಎತ್ತದೆಯೇ, "ಅವಳು ಬರ್ತಾ ಇರ್ತಾಳಾ?" ಎಂದು ಕೇಳಿದ. "ಆಫೀಸಿನ ಕೆಲಸಕ್ಕೆ ಬರ್ತಾಳೆ," ಎಂದಳು ಜಿಪ್ಪಮ್ಮ. "ಬರಲಿ ಬಿಡಮ್ಮ, ನೀನು ಆ ಒಂದು ದಿನ ಆದ್ರೂ ಸರಿಯಾಗಿ ಊಟ ಮಾಡ್ತೀಯ," ಎಂದ. ಜಿಪ್ಪಮ್ಮನಿಗೆ ಮಗನ ಮೇಲೆ ಬಹಳ ದಿನಗಳಿಂದ ಇದ್ದ ಸಿಟ್ಟು ಸ್ವಲ್ಪ ಕಡಿಮೆಯಾಯಿತು.

ಇಲಿ ಬರದಿದ್ದರೆ ಇಲಿಯ ಕಾಲು ಬರಬಹುದಲ್ಲ? ಗುರುವಾರ ಬೆಳಿಗ್ಗೆ ಜಿಪ್ಪಮ್ಮ ಹಳೆಯ ಬೂಟಿನ ಅಟ್ಟೆಯಿಂದ ರಬ್ಬರು ಕತ್ತರಿಸಿ ತೆಗೆದಳು. ಇಲಿಯ ಹೆಜ್ಜೆಗಳ ಚಿತ್ರವಿದ್ದ ನಗರಸಭೆಯ ಪೋಸ್ಟರು ಗೋಡೆಯ ಮೇಲಿತ್ತು, ಅಳತೆಯೂ ಅಸಲಿ ಹೆಜ್ಜೆಯದೇ. ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದ ಒಂದು ಹಿಂಗಾಲನ್ನು ಆರಿಸಿ, ಜಿಪ್ಪಿನ ಪಟ್ಟಿ ಕತ್ತರಿಸುವ ಚೂಪು ಬ್ಲೇಡಿನಿಂದ ಐದು ಬೆರಳು, ಅಂಗಾಲಿನ ಉಬ್ಬು ಎಲ್ಲವನ್ನೂ ಕೆತ್ತಿದಳು. ಇಂಥ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಕಾಲು ತಯಾರಾದ ಮೇಲೆ ಇನ್ನೊಂದು ಯಾಕೆ ಎನ್ನಿಸಿತು. ಕಾಲು ಕಾಲೇ ತಾನೇ?

ಸುರಂಗದಿಂದ ಕಾರ್ಡು ತೆಗೆದು ಮೇಜಿನ ಮೇಲೆ ಹಾಸಿದಳು. ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ತೆಳ್ಳಗೆ ಒಂದು ಗೆರೆ, ಅಳತೆಪಟ್ಟಿ ಹಿಡಿದು ಸಮ ಸಮ ದೂರಕ್ಕೆ ಚುಕ್ಕಿ. ಮಸಿಯಲ್ಲಿ ಅದ್ದಿ ಚುಕ್ಕಿಗೊಂದರಂತೆ ಒತ್ತುತ್ತಾ ಹೋದಳು. ಶುರುವಿನಲ್ಲಿ ಮೂರು ಹೆಜ್ಜೆ ಮುಂದೆ, ಎರಡು ಹಿಂದೆ, ಮತ್ತೆ ಮುಂದೆ. ಕೊನೆಯಲ್ಲೂ ಹಾಗೆಯೇ. ಹೊಲಿಗೆಯ ಎರಡು ತುದಿಗೂ ಹೀಗೆ ಬಿಗಿ ಹಾಕಿಯೇ ಬದುಕಿದ ಕೈ, ಅದು ಯೋಚನೆ ಮಾಡಿ ಮಾಡಿದ್ದಲ್ಲ. ಸುಣ್ಣ ಒರೆಸಿ, ಕಾರ್ಡನ್ನು ಸುರಂಗಕ್ಕೆ ಸೇರಿಸಿ, ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿದಳು. ಇಷ್ಟು ಅಚ್ಚುಕಟ್ಟಾಗಿ ಅಸಲಿ ಇಲಿಯೂ ನಡೆಯಲಾರದು ಎಂದು ಅವಳಿಗೆ ಹೆಮ್ಮೆಯಾಯಿತು.

ಶುಕ್ರವಾರ ಬಂತು. ಹತ್ತು ಗಂಟೆಗೆ ಚಹಾದ ನೀರು ಕುದಿಯಿತು. ಸೊಸೆ ಬರಲಿಲ್ಲ. ನೀರು ಆರಿತು, ಮತ್ತೆ ಇಟ್ಟಳು, ಮತ್ತೆ ಆರಿತು. ಒಬ್ಬ ಗಿರಾಕಿ ಪ್ಯಾಂಟು ತಂದುಕೊಟ್ಟರೆ ಅದಕ್ಕೆ ಕೋಟಿನ ಜಿಪ್ಪು ಹಾಕಿ ಕೂತಳು. ಮಧ್ಯಾಹ್ನವಾಯಿತು. ಬಾಗಿಲಿಗೂ ಯಂತ್ರಕ್ಕೂ ನಡೆದು ನಡೆದು ಕಾಲು ನೋವು ಬಂತು. ಯಾರೂ ಬರದೆ, ಯಾರೂ ನೋಡದೆ ಇವತ್ತು ಮುಗಿದರೆ? ಸಂಜೆಗೆ ವಾರ್ಡು ಮುಚ್ಚಿಬಿಟ್ಟರೆ, ಇಷ್ಟು ಕಷ್ಟಪಟ್ಟು ನಡೆಸಿದ ಇಲಿ ಸುರಂಗದಲ್ಲೇ ಕೊಳೆಯಬೇಕೇ? ಸೊಸೆಯ ಫೋನಿಗೆ ಮಾಡೋಣವೆಂದರೆ ಧೈರ್ಯ ಬರಲಿಲ್ಲ. ಕಂಬದ ಹತ್ತಿರ ಹೋಗಿ ನೋಟೀಸಿನ ಕೆಳಗಿದ್ದ ಆಫೀಸಿನ ನಂಬರಿಗೆ ಮಾಡಿದಳು.

ಎತ್ತಿದವನದು ದಪ್ಪ ಗಂಟಲು, ಒಳ್ಳೆಯ ಮನುಷ್ಯನ ಗಂಟಲು.

"ಸಾರ್, ನಮ್ಮ ಹಿತ್ತಲಿನ ಸುರಂಗದಲ್ಲಿ ಇಲಿ ಬಂದುಹೋಗಿದೆ. ದೊಡ್ಡದು. ಹೆಜ್ಜೆ ಎಲ್ಲಾ ಇದೆ," ಎಂದು ಒಂದೇ ಉಸಿರಿನಲ್ಲಿ ಹೇಳಿ ವಿಳಾಸ ಕೊಟ್ಟಳು.

"ಆ ಮನೆನಾ?" ಅವನು ತಡೆದ. "ಅಲ್ಲಿ ನಮ್ಮ ಸುರಂಗ ಇಲ್ವಲ್ಲಮ್ಮ."

"ಇಲ್ಲ ಅಂದ್ರೆ? ಎರಡು ವರ್ಷದ ಮೇಲಾಯ್ತು!"

"ನಿಮ್ಮ ಬೀದಿಯ ಸುರಂಗ ಎಲ್ಲಾ ನಾನೇ ಕೈಯಾರೆ ಇಟ್ಟಿದ್ದು. ಒಂದು ಬೇಕರಿ ಹಿಂದೆ, ಒಂದು ಸ್ಕೂಲಿನ ಕಾಂಪೌಂಡಲ್ಲಿ. ನಿಮ್ಮ ಮನೆ ಎರಡರ ಮಧ್ಯೆ ಬರುತ್ತೆ, ಅಲ್ಲಿ ಬೇಕಾಗೇ ಇಲ್ಲ."

"ವಾರವಾರ ಬಂದು ನೋಡ್ತಾಳಲ್ಲಪ್ಪ! ಪ್ರತಿ ಶುಕ್ರವಾರ, ಕೋಟು ಹಾಕ್ಕೊಂಡು, ಚೀಲ ತಗೊಂಡು…"

"ಶುಕ್ರವಾರನಾ? ಆ ವಾರ್ಡ್ ನೋಡ್ಕೊಳೋ ಹುಡುಗಿಗೆ ಶುಕ್ರವಾರ ರಜೆ ಅಮ್ಮ. ಮೊದಲಿನಿಂದಲೂ ಅದೇ ಅವಳ ರಜೆ ದಿನ."

ಜಿಪ್ಪಮ್ಮ ಕಂಬ ಹಿಡಿದುಕೊಂಡಳು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು, ಬೇಕರಿಯವನು ಯಾರಿಗೋ ಚಿಲ್ಲರೆ ಇಲ್ಲ ಎನ್ನುತ್ತಿದ್ದ. ಅವಳಿಗೆ ಏನೂ ಕೇಳಿಸಲಿಲ್ಲ. ರಜೆ ದಿನ. ರಜೆ ದಿನ ಬೆಳಿಗ್ಗೆ ಎದ್ದು, ಆಫೀಸಿನ ಕೋಟು ತೊಟ್ಟು, ಎರಡು ಬಸ್ಸು ಬದಲಾಯಿಸಿ, ಈ ಹುಡುಗಿ ಬರುತ್ತಿದ್ದುದು ಯಾವ ಇಲಿಯನ್ನೂ ನೋಡುವುದಕ್ಕಲ್ಲ.

ಫೋನಿನಲ್ಲಿ ದಪ್ಪ ಗಂಟಲು ಗಡಿಬಿಡಿಯಾಗಿತ್ತು. "ಅಮ್ಮಾ, ಕೇಳಿಸ್ತಿದೆಯಾ? ಹೆಜ್ಜೆ ನಿಜ ಆಗಿದ್ರೆ ಇದು ಸಣ್ಣ ವಿಷಯ ಅಲ್ಲ. ಭಾನುವಾರ ಹಕ್ಕಿ ಬಿಡೋದಿದೆ, ಅದನ್ನ ನಿಲ್ಲಿಸಬೇಕಾಗುತ್ತೆ. ಈಗಲೇ ತಂಡ ಕಳಿಸ್ತೀನಿ. ಆ ಸುರಂಗ ಅಲ್ಲಿಟ್ಟಿದ್ದು ಯಾರು? ಹೆಸರು ಹೇಳಿ."

ಹಕ್ಕಿಗಳ ವಿಷಯ ಅವಳ ತಲೆಗೆ ಹೊಳೆದೇ ಇರಲಿಲ್ಲ! ತನ್ನ ಹಟಕ್ಕೆ ಆ ಪಾಪದ ಜೀವಗಳು ಪಂಜರದಲ್ಲಿ ಕೊಳೆಯಬೇಕು, ಅದರ ಮೇಲೆ ಆ ಹುಡುಗಿಯ ಕೆಲಸಕ್ಕೂ ಸಂಚಕಾರ. ಜೀವಮಾನದಲ್ಲೇ ಜಿಪ್ಪಮ್ಮ ಅಷ್ಟು ಬೇಗ ಯೋಚಿಸಿರಲಿಲ್ಲ.

"ಯಾರ ಹೆಸರೂ ಇಲ್ಲಪ್ಪ. ಸುರಂಗ ಅಂದೆನಾ? ಅದು ಬೂಟಿನ ಡಬ್ಬಿ. ನಾನು ಜಿಪ್ಪಿನ ಕೆಲಸದವಳು. ಮಸಿ ಹತ್ತಿದ ಜಿಪ್ಪು ಕಾರ್ಡಿನ ಮೇಲೆ ಬಿದ್ದು ಗುರುತು ಆಗಿದೆ. ಈಗ ಕನ್ನಡಕ ಹಾಕ್ಕೊಂಡು ನೋಡಿದೆ."

"ಜಿಪ್ಪಾ?"

"ಜಿಪ್ಪೇ. ಹಲ್ಲು ಹಲ್ಲಾಗಿ ಬಿದ್ದಿದೆ, ಇಲಿ ಹೆಜ್ಜೆ ಹಾಗೇ ಕಾಣುತ್ತೆ. ಬಂದವರಿಗೆ ಚಹಾ ಬೇಕಾದ್ರೆ ಮಾಡಿಕೊಡ್ತೀನಿ, ಇಲಿ ಮಾತ್ರ ತೋರಿಸೋಕಾಗಲ್ಲ."

"ಮತ್ತೆ ಶುಕ್ರವಾರ ಯಾರೋ ಬರ್ತಾಳೆ ಅಂದ್ರಲ್ಲ?"

"ನಮ್ಮ ಹುಡುಗಿ ಬರ್ತಾಳೆ, ಮನೆಗೆ. ವಯಸ್ಸಾಯ್ತು ನೋಡಿ, ಒಂದಕ್ಕೊಂದು ಗಂಟು ಹಾಕ್ತೀನಿ. ತಪ್ಪಾಯ್ತಪ್ಪ, ನಿಮ್ಮ ಹಕ್ಕಿಗೆ ಒಳ್ಳೇದಾಗಲಿ." ಅವನು ನಗುತ್ತಾ ಫೋನಿಟ್ಟ.

ಮೂರು ಗಂಟೆಯ ಹೊತ್ತಿಗೆ ಸೊಸೆ ಬಂದಳು. ಅದೇ ಕೋಟು, ಅದೇ ಚೀಲ. ಕಣ್ಣು ಊದಿತ್ತು. "ತಡ ಆಯ್ತು ಅತ್ತೆ. ಆಫೀಸಲ್ಲಿ ಕೆಲಸ ಜಾಸ್ತಿ ಇತ್ತು," ಎಂದು ಮುಖ ಕೊಡದೆ ಸೀದಾ ಹಿತ್ತಲಿಗೆ ನಡೆದಳು. ಜಿಪ್ಪಮ್ಮ ತುಟಿ ಬಿಗಿಹಿಡಿದು ಹಿಂದೆಯೇ ಹೋದಳು.

ಮಂಡಿಯೂರಿ ಕೂತು ಕಾರ್ಡು ಎಳೆದ ಸೊಸೆಯ ಮುಖ ಒಮ್ಮೆಗೇ ಬಿಳಿಚಿತು. "ಅಯ್ಯೋ!" ಎಂದಳು. ಅದು ನಿಜವಾದ ಭಯ, ಪಂಜರದ ಹಕ್ಕಿಗಳಿಗಾಗಿ. ಆಮೇಲೆ ಕಾರ್ಡನ್ನು ಕಣ್ಣ ಹತ್ತಿರ ತಂದಳು. ಓರೆಮಾಡಿ ಬೆಳಕಿಗೆ ಹಿಡಿದಳು.

"ಅತ್ತೆ," ಎಂದಳು ಕೊನೆಗೆ, ಆಫೀಸಿನ ಧ್ವನಿಯಲ್ಲಿ, "ಇಲಿ ಬಂದಿದೆ."

"ಹೌದಾ?"

"ಹೌದು. ಆದ್ರೆ ನಾಲ್ಕೂ ಎಡಗಾಲು."

"ಅಯ್ಯೋ ಪಾಪ."

"ಒಂದೊಂದು ಹೆಜ್ಜೆಗೂ ಅಳತೆಪಟ್ಟಿ ಹಿಡ್ಕೊಂಡು ನಡೆದಿದೆ. ಶುರುವಿನಲ್ಲಿ ಒಂದು ಸಲ ಹಿಂದೆ ಮುಂದೆ ಹೋಗಿದೆ, ಕೊನೇಲೂ ಒಂದು ಸಲ ಹಿಂದೆ ಮುಂದೆ ಹೋಗಿದೆ. ಯಾಕಿರಬಹುದು ಅತ್ತೆ?"

"ಬಿಚ್ಚಿಕೊಳ್ಳಬಾರದು ಅಂತ," ಎಂದುಬಿಟ್ಟಳು ಜಿಪ್ಪಮ್ಮ. ಬಾಯಿಂದ ಜಾರಿದ ಮೇಲೆ ಏನು ಮಾಡಲಾಗುತ್ತದೆ?

ನಗಬೇಕಾದ ಜಾಗ ಅದು. ಇಬ್ಬರೂ ನಗಲಿಲ್ಲ. ಸೊಸೆ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ಶುಕ್ರವಾರ ನಿನಗೆ ರಜೆಯಂತೆ," ಎಂದಳು ಜಿಪ್ಪಮ್ಮ ಮೆಲ್ಲಗೆ.

ಸೊಸೆ ಬೆಚ್ಚಿ ತಲೆ ಎತ್ತಿದಳು. "ಯಾರು ಹೇಳಿದ್ರು?"

"ನಿಮ್ಮ ಆಫೀಸಿಗೇ ಫೋನ್ ಮಾಡಿದ್ದೆ. ಹೆದರಬೇಡ, ನಿನ್ನ ಹೆಸರು ಹೇಳಲಿಲ್ಲ. ಇಲಿ ಅಲ್ಲ, ಜಿಪ್ಪು ಅಂದೆ. ಆ ಮನುಷ್ಯ ನಂಬಿದ." ಜಿಪ್ಪಮ್ಮ ಮೆಟ್ಟಿಲ ಮೇಲೆ ಕೂತಳು. "ಬೆಳಿಗ್ಗೆಯಿಂದ ಎಲ್ಲಿದ್ದೆ?"

"ನಿಮ್ಮ ಬಸ್ ಸ್ಟಾಪಲ್ಲಿ. ಹತ್ತಕ್ಕೇ ಇಳಿದೆ. ಇದನ್ನ ಎತ್ಕೊಂಡು ಹೋಗೋಕೆ ಕಾಲು ಬರಲಿಲ್ಲ."

"ಅಲ್ವೇ, ಹುಚ್ಚು ಹುಡುಗಿ, ಸುಮ್ಮನೆ ಬರೋಕೆ ನಿನಗೇನಾಗಿತ್ತು? ಡಬ್ಬಿ ಯಾಕೆ, ಕೋಟು ಯಾಕೆ?"

"ಸುಮ್ಮನೆ ಹೇಗೆ ಬರಲಿ ಅತ್ತೆ?" ಸೊಸೆ ಕಾರ್ಡಿನ ಮೂಲೆಯನ್ನು ಬೆರಳಲ್ಲಿ ತೀಡಿದಳು. "ನಿಮ್ಮ ಮಗನ್ನ ಬಿಟ್ಟು ಹೋದವಳು ನಾನು. ಬಾಗಿಲು ತಟ್ಟಿದಾಗ ಯಾಕೆ ಬಂದೆ ಅಂತ ನೀವು ಕೇಳಿಬಿಟ್ಟಿದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಇಲಿ ನೋಡೋಕೆ ಬಂದೆ ಅಂದ್ರೆ ಯಾರೂ ಏನೂ ಕೇಳಲ್ಲ."

"ನಾನು ಕೇಳ್ತಿದ್ನೇನೆ?"

"ಕೇಳ್ತಿರಲಿಲ್ಲ. ಆದ್ರೂ ಭಯ."

"ನನಗೂ ಅದೇ ಭಯ ಕಣೆ! ಕರೆದ್ರೆ ಯಾಕೆ ಕರೀತೀರಿ ಅಂತೀಯೇನೋ ಅಂತ. ಅದಕ್ಕೇ ಅಲ್ವಾ ಊರಿನ ಇಲಿಗೆಲ್ಲ ಮೊಟ್ಟೆ ಬೇಯಿಸಿ ಹಾಕಿದ್ದು!" ಜಿಪ್ಪಮ್ಮನಿಗೆ ಸಿಟ್ಟು ಬಂತು, ಕೋರ್ಟಿನ ಮೇಲೋ, ತನ್ನ ಮೇಲೋ, ಹಾಳಾಗಿಹೋದ ದಿನಗಳ ಮೇಲೋ ಗೊತ್ತಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಬಾಯಿ ಜೋರಾಯಿತು. "ನೀನು ಬಿಟ್ಟಿದ್ದು ಅವನನ್ನ. ನನ್ನನ್ನೂ ಬಿಡು ಅಂತ ಯಾವ ಜಡ್ಜ್ ಹೇಳಿದ? ಕರಿ ಆ ಜಡ್ಜನ್ನ, ನಾನು ಮಾತಾಡ್ತೀನಿ. ನನಗೆ ನೀನು ಬೇಕು. ಇಲಿ ಇದ್ರೂ ಬೇಕು, ಇಲ್ದಿದ್ರೂ ಬೇಕು. ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತಲ್ಲ, ನಾವಿಬ್ಬರೂ ಎಂಥ ಪೆದ್ದುಗಳು!"

ಸೊಸೆ ಮಂಡಿಯೂರಿದ್ದಲ್ಲಿಂದಲೇ ಮುಂದೆ ಬಾಗಿ ಅತ್ತೆಯ ಮಡಿಲಲ್ಲಿ ತಲೆ ಇಟ್ಟು ಅತ್ತಳು, ಅಳುತ್ತಲೇ ನಕ್ಕಳು. ಜಿಪ್ಪಮ್ಮ ಅವಳ ತಲೆ ಸವರಿದಳು. ಬೆರಳಿಗೆ ಹತ್ತಿದ್ದ ಮಸಿ ಹುಡುಗಿಯ ಕೂದಲಿಗೂ ಹತ್ತಿತು, ಇಬ್ಬರೂ ಗಮನಿಸಲಿಲ್ಲ.

ಆಮೇಲೆ ಸೊಸೆ ಎದ್ದು, ಮೂಗು ಒರೆಸಿಕೊಂಡು, ಸುರಂಗದ ಒಳಗಿನ ಪಟ್ಟಿ ತೊಳೆದು, ಡಬ್ಬಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಅದು ಇದ್ದ ಜಾಗದಲ್ಲಿ ಹುಲ್ಲು ಬೆಳ್ಳಗೆ ಸಪ್ಪೆಯಾಗಿತ್ತು. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಳು.

"ಬುಧವಾರ ಬರ್ತೀನಿ ಅತ್ತೆ."

"ಬುಧವಾರ ಏನಿದೆ?"

ಸೊಸೆ ಸ್ವಲ್ಪ ಯೋಚಿಸಿದಳು. "ಏನೂ ಇಲ್ಲ."

"ಹಾಗಾದ್ರೆ ಬಾ," ಎಂದಳು ಜಿಪ್ಪಮ್ಮ.